ಬಾವಿ ಇರುವ ಪಾಲು: ಆಸ್ತಿಗಿಂತ ಯೇಸುವೇ ಹೆಚ್ಚು ಎನ್ನಲು ಕಲಿಸುವ ಪ್ರಾರ್ಥನೆ

ನಮ್ಮ ಅಜ್ಜನ ಮನೆ ಇರುವುದು ಮಂಗಳೂರಿನ ಹತ್ತಿರ. ಹಂಚಿನ ಮಾಡು, ಹಿತ್ತಲಲ್ಲಿ ಹಲಸಿನ ಮರ, ಪಕ್ಕದಲ್ಲಿ ಮೇ ತಿಂಗಳಲ್ಲೂ ಬತ್ತದ ಬಾವಿ. ಒಟ್ಟು 24 ಸೆಂಟ್ಸ್ ಜಾಗ. ಅಪ್ಪ ತೀರಿಕೊಂಡ ಮೇಲೆ ಅಣ್ಣನಿಗೂ ನನಗೂ ಪಾಲಾಗಬೇಕಿತ್ತು. ಬಾವಿ ಇರುವ ಕಡೆ ನನಗೇ ಬೇಕು ಎಂದು ನಾನು. ತನಗೇ ಬೇಕು ಎಂದು ಅಣ್ಣ. ಎರಡು ವರ್ಷ ನಮ್ಮಿಬ್ಬರ ನಡುವೆ ಮಾತೇ ನಿಂತುಹೋಗಿತ್ತು.

ಆ ಎರಡು ವರ್ಷ ನಾನು ಒಂದು ಭಾನುವಾರವೂ ಆರಾಧನೆ ತಪ್ಪಿಸಿರಲಿಲ್ಲ. ದಿನಾ ಬೆಳಿಗ್ಗೆ ಪ್ರಾರ್ಥನೆಯನ್ನೂ ಮಾಡುತ್ತಿದ್ದೆ. ಆದರೆ ಏನಂತ? 'ಕರ್ತನೇ, ಆ ಬಾವಿ ನನಗೇ ಸಿಗುವ ಹಾಗೆ ಮಾಡು.'

ಒಂದು ದಿನ ಸತ್ಯವೇದದ (ಬೈಬಲಿನ) ಓದಿನ ಸರದಿಯಲ್ಲಿ ಲೂಕನ ಸುವಾರ್ತೆಯ 12ನೆಯ ಅಧ್ಯಾಯ ಬಂತು. ಜನರ ಗುಂಪಿನಿಂದ ಒಬ್ಬ ಎದ್ದು, ಆಸ್ತಿ ಪಾಲು ಮಾಡಿಕೊಡುವಂತೆ ನನ್ನ ಸಹೋದರನಿಗೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ. ನಿಮ್ಮ ಪಾಲು ಮಾಡಲು ನನ್ನನ್ನು ನೇಮಿಸಿದವರು ಯಾರು ಎಂದು ಯೇಸು ತಿರುಗಿ ಕೇಳುತ್ತಾನೆ. ಆಮೇಲೆ ಕಣಜ ಕೆಡವಿ ದೊಡ್ಡ ಕಣಜ ಕಟ್ಟಲು ಹೊರಟ ಸಾಹುಕಾರನ ಕಥೆ ಹೇಳುತ್ತಾನೆ. ಈ ಕಥೆ ನನಗೆ ಸಂಡೇ ಸ್ಕೂಲ್ ಕಾಲದಿಂದ ಬಾಯಿಪಾಠ. ಅದು ಶುರುವಾದದ್ದೇ ಒಂದು ಪಾಲಿನ ಜಗಳದಿಂದ ಎಂಬುದು ಮಾತ್ರ ಅಲ್ಲಿಯವರೆಗೆ ಕಣ್ಣಿಗೆ ಬಿದ್ದಿರಲಿಲ್ಲ. ನಾನು ದಿನಾ ಮಾಡುತ್ತಿದ್ದ ಪ್ರಾರ್ಥನೆಯನ್ನು ಆ ಮನುಷ್ಯ ಆಗಲೇ ಮಾಡಿ ಮುಗಿಸಿದ್ದ. ಉತ್ತರವೂ ಸಿಕ್ಕಿತ್ತು!

ಅದಾದ ಮೇಲೆ ತಪ್ಪುತ್ತಾ ಒಪ್ಪುತ್ತಾ ಕಲಿತ ಪ್ರಾರ್ಥನೆಯ ಕ್ರಮ ಇದು. ದಿನಕ್ಕೆ 15 ನಿಮಿಷ ಸಾಕು. ಸತ್ಯವೇದ, ಒಂದು ನೋಟ್‌ಬುಕ್, ಒಂದು ಪೆನ್ ಇಟ್ಟುಕೊಳ್ಳಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ಹೆಜ್ಜೆ 1: ಮನಸ್ಸು ಎಲ್ಲಿಗೆ ಓಡುತ್ತದೆ, ಮೂರು ದಿನ ಬರೆದಿಡಿ

ಈ ಮೂರು ದಿನ ನಿಮ್ಮ ಪ್ರಾರ್ಥನೆಯಲ್ಲಿ ಏನೂ ಬದಲಾಯಿಸಬೇಡಿ. ಸುಮ್ನೆ ಗಮನಿಸಿ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ನೆನಪಾದದ್ದು ಏನು? ಬಸ್ಸಿನ ಕಿಟಕಿ ಪಕ್ಕ ಕೂತಾಗ? ಚರ್ಚಿನಲ್ಲಿ ಪ್ರಸಂಗ ಉದ್ದವಾದಾಗ? ಚಿನ್ನದ ರೇಟು, ಸೈಟಿನ ಬೆಲೆ, ಮನೆ ಸಾಲದ ಕಂತು, ಪಕ್ಕದ ಮನೆಯವರು ತಂದ ಹೊಸ ಕಾರು, ಏನೇ ಇರಲಿ, ಒಂದೊಂದು ಶಬ್ದದಲ್ಲಿ ಬರೆಯಿರಿ. ನಾಚಿಕೆ ಬೇಡ, ಯಾರೂ ಓದುವುದಿಲ್ಲ.

ಮತ್ತಾಯ 6:21ರಲ್ಲಿ ಯೇಸು ಹೇಳಿದ್ದು, ನಿನ್ನ ಸಂಪತ್ತು ಎಲ್ಲಿದೆಯೋ ನಿನ್ನ ಮನಸ್ಸೂ ಅಲ್ಲೇ ಇರುತ್ತದೆ ಎಂದು. ಹಸು ಕಳೆದವರು ಹೆಜ್ಜೆ ಗುರುತು ಹಿಡಿದು ಹೋಗುವ ಹಾಗೆ ಮನಸ್ಸಿನ ಹಿಂದೆ ಹೋದರೆ ಸಂಪತ್ತು ಯಾವುದೆಂದು ಗೊತ್ತಾಗುತ್ತದೆ. ಮೂರು ದಿನ ಮುಗಿದಾಗ ನನ್ನ ನೋಟ್‌ಬುಕ್ಕಿನಲ್ಲಿ 'ಬಾವಿ' ಎಂದು 11 ಸಲ ಇತ್ತು. 'ಯೇಸು' ಎಂದು ಎರಡು ಸಲ. ಅದೂ ಬಾವಿಯ ವಿಷಯಕ್ಕೇ.

ನಮ್ಮ ಹತ್ತಿರ ಏನೂ ಇಲ್ಲ, ಇದು ದುಡ್ಡಿದ್ದವರಿಗೆ ಅಂದುಕೊಂಡು ಎದ್ದು ಹೋಗಬೇಡಿ. ಅದೇ ಅಧ್ಯಾಯದಲ್ಲಿ ಸಂಪತ್ತಿನ ಮಾತು ಮುಗಿಯುತ್ತಿದ್ದ ಹಾಗೆ, ಏನು ತಿನ್ನಬೇಕು ಏನು ಉಡಬೇಕು ಎಂಬ ಚಿಂತೆಯ ಮಾತು ಬರುತ್ತದೆ. ಕೂಡಿಟ್ಟವರ ಮನಸ್ಸು ದುಡ್ಡಿನ ಸುತ್ತ ತಿರುಗುತ್ತದೆ, ಇಲ್ಲದವರದ್ದೂ ದುಡ್ಡಿನ ಸುತ್ತವೇ ತಿರುಗುತ್ತದೆ. ಹಾಗಾಗಿ ಆಸೆಗಳ ಜೊತೆ ಭಯಗಳನ್ನೂ ಬರೆಯಿರಿ.

ಇನ್ನೊಂದು ವಿಷಯ. ಆಸ್ತಿ ಅಂದರೆ ದುಡ್ಡು, ಜಾಗ ಮಾತ್ರ ಅಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಲ್ಲಿ ಪೌಲ ತಾನು ಕ್ರಿಸ್ತನಿಗೋಸ್ಕರ ಕಸ ಎಂದು ಎಣಿಸಿದವುಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ ಒಂದು ನಾಣ್ಯವೂ ಇಲ್ಲ. ಬೆನ್ಯಾಮೀನ ಕುಲ, ಎಂಟನೆಯ ದಿನದ ಸುನ್ನತಿ, ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಫರಿಸಾಯನೆಂಬ ಹೆಸರು, ಎಲ್ಲಾ ಮನೆತನದ ಮತ್ತು ಶಿಸ್ತಿನ ಹೆಮ್ಮೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಕಾಲದಿಂದ ನಾವು ಸಭೆಯವರು ಎಂದು ಹೇಳುವಾಗ ನಮ್ಮ ಮನೆಯಲ್ಲೂ ಎಲ್ಲರ ಧ್ವನಿ ಸ್ವಲ್ಪ ಏರುತ್ತದೆ. ನನ್ನ ಪಟ್ಟಿಗೆ ಅದನ್ನೂ ಸೇರಿಸಬೇಕಾಯಿತು.

ಹೆಜ್ಜೆ 2: ಬಿಡಲು ಹೋಗಬೇಡಿ, ಮೊದಲು ನೋಡಿ

ಇಲ್ಲೇ ಹೆಚ್ಚಿನವರು ಎಡವುವುದು. ಪಟ್ಟಿ ನೋಡಿ ಬೇಜಾರಾಗಿ, ನಾಳೆಯಿಂದ ಇದನ್ನೆಲ್ಲ ಬಿಡುತ್ತೇನೆ ಎಂದು ಹಲ್ಲು ಕಚ್ಚಿ ತೀರ್ಮಾನ ಮಾಡುತ್ತೇವೆ. ಒಂದು ವಾರದಲ್ಲಿ ಹಳೆಯ ಜಾಗಕ್ಕೇ ಬರುತ್ತೇವೆ.

ಮತ್ತಾಯ 13:44 ಒಂದೇ ವಚನದ ಕಥೆ. ಹೊಲದಲ್ಲಿ ಹೂತಿಟ್ಟ ನಿಧಿ ಒಬ್ಬನಿಗೆ ಸಿಗುತ್ತದೆ. ಅವನು ಅದನ್ನು ಮುಚ್ಚಿಟ್ಟು, ಸಂತೋಷದಿಂದ ಹೋಗಿ, ಇದ್ದದ್ದೆಲ್ಲ ಮಾರಿ ಆ ಹೊಲ ಕೊಳ್ಳುತ್ತಾನೆ. ಯಾವುದು ಮೊದಲು ಆಯಿತು ನೋಡಿ. ನಿಧಿ ಸಿಕ್ಕಿದ್ದು ಮೊದಲು, ಸಂತೋಷ ಆಮೇಲೆ, ಮಾರಾಟ ಕೊನೆಗೆ. ನಿಧಿ ಕಾಣುವ ಮೊದಲೇ ಮನೆ ಮಾರಲು ಹೊರಟವನನ್ನು ಊರಿನವರು ಭಕ್ತ ಅನ್ನುವುದಿಲ್ಲ, ತಲೆಕೆಟ್ಟಿದೆ ಅನ್ನುತ್ತಾರೆ. ಅವರು ಹೇಳುವುದೂ ಸರಿಯೇ.

ಆದ್ದರಿಂದ ಮೊದಲ ಎರಡು ವಾರ ಯಾವುದನ್ನೂ ಬಿಡುವ ಮಾತೇ ಬೇಡ. ಯೇಸುವನ್ನು ನೋಡುವ ಪ್ರಾರ್ಥನೆ ಮಾತ್ರ. ಅದು ಹೀಗೆ:

ಸುವಾರ್ತೆಯಿಂದ ಒಂದೇ ಒಂದು ಘಟನೆ ಆರಿಸಿಕೊಳ್ಳಿ. ಗಟ್ಟಿಯಾಗಿ, ನಿಧಾನವಾಗಿ ಓದಿ. ಪುಸ್ತಕ ಮುಚ್ಚಿ. ಅಲ್ಲಿ ನೀವು ಯಾರ ಪಕ್ಕ ನಿಂತಿದ್ದೀರಿ ಎಂದು ಯೋಚಿಸಿ. ಯೇಸು ಯಾರನ್ನು ನೋಡುತ್ತಿದ್ದಾನೆ? ಏನು ಹೇಳಿದ, ಏನು ಹೇಳಲಿಲ್ಲ? ಮತ್ತೊಮ್ಮೆ ಓದಿ. ಆಮೇಲೆ ಅವನ ಜೊತೆ ಮಾತಾಡಿ, ಅವನ ಬಗ್ಗೆ ಅಲ್ಲ. 'ಯೇಸುವೇ, ನೀನು ಹೀಗಿದ್ದೀಯಾ' ಎಂದು ಶುರು ಮಾಡಿದರೆ ಸಾಕು. ಬೇಡಿಕೆಯ ಪಟ್ಟಿಗೆ ಬೇರೆ ಸಮಯ ಇದೆ.

ಮಾರ್ಕ 10ರಿಂದ ಶುರು ಮಾಡಿ. ಆಸ್ತಿವಂತನೊಬ್ಬ ಓಡಿ ಬಂದು ಮೊಣಕಾಲೂರುತ್ತಾನೆ. ಇದ್ದದ್ದನ್ನು ಮಾರಿ ಬಡವರಿಗೆ ಕೊಡು ಎಂಬ ಮಾತು ನಮಗೆಲ್ಲ ನೆನಪಿದೆ. ಅದಕ್ಕೂ ಮುಂಚೆ, 21ನೆಯ ವಚನದ ಮೊದಲಲ್ಲೇ, ಯೇಸು ಅವನನ್ನು ದೃಷ್ಟಿಸಿ ನೋಡಿ ಪ್ರೀತಿಸಿದ ಎಂದಿದೆ. ಅವನು ಮುಖ ಸಪ್ಪಗೆ ಮಾಡಿಕೊಂಡು ಹೋದ. ಯೇಸು ಹಿಂದೆ ಹೋಗಿ, ಸರಿ ಮಾರಾಯ, ಅರ್ಧ ಕೊಟ್ಟರೂ ಸಾಕು ಎನ್ನಲಿಲ್ಲ. ಪ್ರೀತಿ ಇಲ್ಲದ್ದಕ್ಕೆ ಅಲ್ಲ. ಪ್ರೀತಿಯಲ್ಲಿ ಚೌಕಾಸಿ ಇಲ್ಲದ್ದಕ್ಕೆ.

ಆಮೇಲೆ ಯೋಹಾನ 4. ಸಮಾರ್ಯದ ಹೆಂಗಸು ನೀರು ಸೇದಲು ಬಾವಿಗೆ ಬರುತ್ತಾಳೆ. (ನನಗೆ ಈ ಬಾವಿ ತಪ್ಪುವುದೇ ಇಲ್ಲ.) ಯೇಸುವಿನ ಜೊತೆ ಮಾತಾಡಿ ಮುಗಿಸಿ ಊರಿಗೆ ಓಡುವಾಗ ಕೊಡವನ್ನು ಅಲ್ಲೇ ಬಿಟ್ಟು ಹೋದಳು ಎಂದು 28ನೆಯ ವಚನ ಹೇಳುತ್ತದೆ. ಕೊಡ ಬಿಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮೂರನೆಯದು ಯೋಹಾನ 12. ಬೇಥಾನ್ಯದ ಮರಿಯ ಯೇಸುವಿನ ಪಾದಕ್ಕೆ ಸುಗಂಧ ತೈಲ ಸುರಿಯುತ್ತಾಳೆ. ಮುನ್ನೂರು ದಿನಾರಿಯ ಮಾಲು ಎಂದು ಶಿಷ್ಯರಲ್ಲೊಬ್ಬನಾದ ಯೂದ ಲೆಕ್ಕ ಹಾಕುತ್ತಾನೆ. ಆಗ ಕೂಲಿಯಾಳಿನ ಒಂದು ದಿನದ ಸಂಬಳ ಒಂದು ದಿನಾರಿ. ಅಂದರೆ ಸುಮಾರು ಒಂದು ವರ್ಷದ ದುಡಿಮೆ ನೆಲಕ್ಕೆ ಹರಿಯಿತು. ಮರಿಯಳಿಗೆ ಲೆಕ್ಕ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೆ ಸತ್ತು ನಾಲ್ಕು ದಿನ ಸಮಾಧಿಯಲ್ಲಿದ್ದ ಅವಳ ಸಹೋದರ ಲಾಜರ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದ. ಅವನನ್ನು ನೋಡುತ್ತಾ ತೈಲದ ಬೆಲೆ ಯೋಚಿಸಲು ಯಾರಿಂದ ಆಗುತ್ತದೆ?

ಒಂದೊಂದು ಭಾಗಕ್ಕೆ ಮೂರು ನಾಲ್ಕು ದಿನ ಕೊಡಿ. ಮುಗಿಸುವ ಅವಸರ ಬೇಡ.

ಹೆಜ್ಜೆ 3: ಒಂದೊಂದನ್ನೇ ಹೆಸರು ಹಿಡಿದು ಹೇಳಿ

'ಕರ್ತನೇ, ನನ್ನದೆಲ್ಲವೂ ನಿನ್ನದೇ' ಎಂದು ಪ್ರಾರ್ಥಿಸುವುದು ಬಹಳ ಸುಲಭ. ನಾನೂ ವರ್ಷಗಟ್ಟಲೆ ಹೇಳಿದ್ದೇನೆ. 'ಎಲ್ಲವೂ' ಎಂದಾಗ ಯಾವುದೂ ನೋಯುವುದಿಲ್ಲ. 'ಬಾವಿ' ಎಂದಾಗ ನೋಯುತ್ತದೆ. ನೋಯುವ ಕಡೆಯೇ ಪ್ರಾರ್ಥನೆ ಶುರುವಾಗಬೇಕು.

ನಮ್ಮ ಕನ್ನಡ ಇಲ್ಲಿ ಒಂದು ಸಹಾಯ ಮಾಡುತ್ತದೆ. ನನ್ನ ಹತ್ತಿರ ದುಡ್ಡಿದೆ, ನನ್ನ ಹತ್ತಿರ ಬೈಕ್ ಇದೆ ಅನ್ನುತ್ತೇವೆ ಅಲ್ವಾ? ಹತ್ತಿರ ಇದೆ, ಅಷ್ಟೇ. ಹತ್ತಿರ ಇರುವುದು ದೂರ ಹೋಗಬಹುದು, ಬೇರೆಯವರ ಹತ್ತಿರಕ್ಕೂ ಹೋಗಬಹುದು. ಅಜ್ಜನ ಹತ್ತಿರ ಇದ್ದದ್ದು ಅಪ್ಪನ ಹತ್ತಿರ ಬಂತು. ಇಬ್ಬರೂ ಏನನ್ನೂ ಕೊಂಡುಹೋಗಲಿಲ್ಲ.

73ನೆಯ ಕೀರ್ತನೆಯಲ್ಲಿ ಹಾಡುಗಾರ ಆಸಾಫ ಇದೇ ದಾರಿಯಲ್ಲಿ ನಡೆದು ಬರುತ್ತಾನೆ. ಕೆಟ್ಟವರ ಸುಖ ನೋಡಿ ಹೊಟ್ಟೆಕಿಚ್ಚಾಯಿತು, ಇನ್ನೇನು ಕಾಲು ಜಾರುವುದರಲ್ಲಿತ್ತು ಎಂದು ನೇರವಾಗಿ ಒಪ್ಪಿಕೊಳ್ಳುತ್ತಾನೆ. ದೇವರ ಆಲಯಕ್ಕೆ ಹೋದ ಮೇಲೆ ಅವನ ಲೆಕ್ಕ ಬದಲಾಗುತ್ತದೆ. ಕೊನೆಯ ವಚನಕ್ಕೆ ಬರುವಾಗ, ದೇವರ ಹತ್ತಿರ ಇರುವುದೇ ನನಗೆ ಒಳ್ಳೆಯದು ಎನ್ನುತ್ತಾನೆ. ನನ್ನ ಹತ್ತಿರ ಏನಿದೆ ಎಂದು ಶುರುವಾದ ಹಾಡು ನಾನು ಯಾರ ಹತ್ತಿರ ಇದ್ದೇನೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇದನ್ನು ದಿನಾ ಓದಿ. ನಾನಂತೂ ಬಾಯಿಪಾಠ ಮಾಡಿದೆ.

ಈಗ ಪ್ರಾರ್ಥನೆ. ಪಟ್ಟಿಯಿಂದ ದಿನಕ್ಕೆ ಒಂದೇ ವಸ್ತು ತೆಗೆದುಕೊಳ್ಳಿ. ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲಿಡಿ. ನಾಟಕ ಅನ್ನಿಸಬಹುದು. ಆದರೆ ಮುಷ್ಟಿ ಬಿಗಿ ಹಿಡಿದು ಇದನ್ನು ಹೇಳಲು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ನಾನು ಹೇಳುವುದು ಹೀಗೆ:

'ತಂದೆಯೇ, ಈ ಬಾವಿಗಾಗಿ ನಿನಗೆ ಸ್ತೋತ್ರ. ಇದರ ನೀರು ಕುಡಿದು ಬೆಳೆದೆ. ಇದು ಸಿಗದಿದ್ದರೆ ನಾನು ಸೋತೆ ಎಂದು ನನಗೆ ಅನ್ನಿಸುತ್ತಿದೆ. ನಿನ್ನ ಮುಂದೆ ಅದನ್ನು ಮುಚ್ಚಿಡುವುದಿಲ್ಲ. ಕರ್ತನಾದ ಯೇಸುವೇ, ನೀನು ನನಗೆ ಇದಕ್ಕಿಂತ ಹೆಚ್ಚು ಎಂದು ಬಾಯಲ್ಲಿ ಹೇಳುತ್ತೇನೆ, ಮನಸ್ಸು ಇನ್ನೂ ಹಿಂದೆ ಇದೆ. ಅದನ್ನೂ ಕರೆದುಕೊಂಡು ಬಾ. ಇದು ನನ್ನ ಹತ್ತಿರ ಇದ್ದರೂ, ಇಲ್ಲದಿದ್ದರೂ, ನಾನು ನಿನ್ನ ಹತ್ತಿರ ಇರುವ ಹಾಗೆ ಮಾಡು. ಆಮೆನ್.'

ಸ್ತೋತ್ರದಿಂದ ಶುರು ಮಾಡುವುದು ಮುಖ್ಯ. ಬಾವಿ ಕೆಟ್ಟದ್ದಲ್ಲ. ಚಿನ್ನ, ಮನೆ, ಮಕ್ಕಳ ಓದಿಗೆ ಇಟ್ಟ ದುಡ್ಡು ಯಾವುದೂ ಕೆಟ್ಟದ್ದಲ್ಲ. ಕೊಟ್ಟವನಿಗೆ ಥ್ಯಾಂಕ್ಸ್ ಹೇಳದೆ, ಕೊಟ್ಟದ್ದನ್ನು ಬೈದು ಭಕ್ತಿ ತೋರಿಸುವುದು ಯಾವ ಸೀಮೆಯ ಮರ್ಯಾದೆ? ಮನಸ್ಸು ಒಪ್ಪದಿದ್ದರೆ ಒಪ್ಪಲಿಲ್ಲ ಎಂದೇ ಹೇಳಿ. ಒಂದು ವಸ್ತುವಿಗೆ ಹತ್ತು ದಿನ ಹಿಡಿದರೂ ಹಿಡಿಯಲಿ.

ಹಾಗೆಂದು, ಬಿಡುವುದು ಎಂದರೆ ಅನ್ಯಾಯವನ್ನು ನುಂಗುವುದು ಎಂದಲ್ಲ. ಹೆಣ್ಣುಮಕ್ಕಳಿಗೆ ಪಾಲು ಕೊಡದೆ, ನೀವು ದೇವಭಕ್ತರು, ಇದೆಲ್ಲ ಯಾಕೆ ಎಂದು ಬಾಯಿ ಮುಚ್ಚಿಸುವ ಮನೆಗಳಿವೆ. ಸತ್ಯವೇದದ ಅರಣ್ಯಕಾಂಡ 27ರಲ್ಲಿ ಗಂಡುಮಕ್ಕಳಿಲ್ಲದೆ ಸತ್ತ ಒಬ್ಬನ ಐದು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಮ್ಮ ಪಾಲು ಕೇಳುತ್ತಾರೆ. ಅವರು ಹೇಳುವುದು ಸರಿ ಎಂದು ಹೇಳಿದ್ದು ದೇವರೇ. ಹಕ್ಕಿನದ್ದನ್ನು ಕೇಳಿ, ಬೇಕಾದರೆ ವಕೀಲರ ಹತ್ತಿರವೂ ಹೋಗಿ. ಈ ಪ್ರಾರ್ಥನೆ ಆಗಲೂ ಮಾಡಬಹುದು. ಆಗ ಇನ್ನೂ ಜಾಸ್ತಿ ಬೇಕಾಗುತ್ತದೆ.

ಹೆಜ್ಜೆ 4: ಬೇಕಾದ್ದನ್ನು ಕೇಳಿ, ಲೆಕ್ಕ ಹೇಳಿ ಕೇಳಿ

ಯೇಸುವೇ ಸಾಕು ಎಂದ ಮೇಲೆ ದುಡ್ಡಿಗಾಗಿ ಪ್ರಾರ್ಥಿಸಬಾರದು ಎಂದು ಕೆಲವರು ತಿಳಿದಿದ್ದಾರೆ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲೇ 'ನಮ್ಮ ಅನುದಿನದ ಆಹಾರ' ಇದೆ. ಸ್ಕೂಲ್ ಫೀಸಿಗೆ 18 ಸಾವಿರ ಬೇಕಿದ್ದರೆ 18 ಸಾವಿರ ಎಂದೇ ಹೇಳಿ. ತಂದೆಯ ಹತ್ತಿರ ಸುತ್ತಿ ಬಳಸಿ ಯಾಕೆ ಮಾತಾಡಬೇಕು?

ಅಳತೆ ಗೊತ್ತಾಗದಿದ್ದರೆ ಜ್ಞಾನೋಕ್ತಿ 30ರ ಆಗೂರನ ಪ್ರಾರ್ಥನೆ ತೆಗೆದುಕೊಳ್ಳಿ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನ್ನ ಪಾಲಿನ ಊಟ ಕೊಡು ಎನ್ನುತ್ತಾನೆ. ಹೊಟ್ಟೆ ತುಂಬಿದರೆ ದೇವರು ಯಾರು ಎಂದೇನು, ಹಸಿದರೆ ಕದ್ದೇನು ಎಂದು ಎರಡೂ ಕಡೆಯ ತನ್ನ ಸ್ವಭಾವ ಅವನಿಗೆ ಗೊತ್ತು. ಬಡತನವನ್ನು ಹೊಗಳುವವರು ಈ ಎರಡನೆಯ ಅರ್ಧವನ್ನು ಓದಬೇಕು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ, ಮನ್ನವೂ ಹಾಗೇ. ಆ ದಿನಕ್ಕೆ ಬೇಕಾದಷ್ಟು. ಮರುದಿನಕ್ಕೆ ಇಟ್ಟರೆ ಹುಳ ಬಿದ್ದು ನಾರುತ್ತಿತ್ತು. ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು ಕೂಡಿಸಿಡಲು ದೇವರೇ ಹೇಳಿದ್ದ. ಅಂದರೆ ನಾಳೆಗೆ ಸ್ವಲ್ಪ ಎತ್ತಿಡುವುದು ತಪ್ಪಲ್ಲ.

ಒಂದೇ ಎಚ್ಚರಿಕೆ. ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಪಟ್ಟು ವಾಪಸ್ ಬರುತ್ತದೆ ಎಂದು ಯಾರಾದರೂ ವೇದಿಕೆ ಮೇಲಿಂದ ಹೇಳಿದರೆ ಎದ್ದು ಬನ್ನಿ. ಅದು ಪ್ರಾರ್ಥನೆ ಅಲ್ಲ, ಚೀಟಿ ವ್ಯವಹಾರ. ಅಲ್ಲಿ ನಿಧಿ ಯೇಸು ಅಲ್ಲ, ನಿಧಿಗೆ ಹೋಗುವ ಏಣಿ ಯೇಸು.

ಹೆಜ್ಜೆ 5: ಕೈಯೂ ಪ್ರಾರ್ಥಿಸಲಿ

ಮೂರನೆಯ ಹೆಜ್ಜೆ ಒಂದು ತಿಂಗಳು ನಡೆದ ಮೇಲೆ ಕೈ ಬಿಚ್ಚುವ ಕೆಲಸ ಮಾಡಿ. ಅದಕ್ಕಿಂತ ಮೊದಲು ಬೇಡ, ತಡವೂ ಬೇಡ. ಸುಂಕದವರ ಮುಖ್ಯಸ್ಥ ಜಕ್ಕಾಯನ ಮನೆಗೆ ಯೇಸು ಬಂದಾಗ ಯಾರೂ ಅವನಿಗೆ ಲೆಕ್ಕ ಕೇಳಲಿಲ್ಲ. ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ನಾವು ಕಾಣಿಕೆಯ ಮಾತಾಡುತ್ತೇವೆ, ಈ ವಾಪಸ್ ಕೊಡುವ ಭಾಗ ಮರೆಯುತ್ತೇವೆ. ಕೆಲಸದವಳ ಸಂಬಳ ಬಾಕಿ ಇಟ್ಟು ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಐದು ಸಾವಿರ ಕೂಗಿದರೆ ಏನು ಬಂತು?

ಎಷ್ಟು ಕೊಡಬೇಕು? 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥ ಕಟ್ಟಿದ ಬೋಧಕ ಜಾನ್ ವೆಸ್ಲಿ ತಮ್ಮ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ತರುಣನ ಲೆಕ್ಕ ಹೇಳುತ್ತಾರೆ. ಅದು ಅವರದ್ದೇ ಲೆಕ್ಕ ಎಂದು ಹಲವರು ಹೇಳುವುದುಂಟು. ವರ್ಷಕ್ಕೆ 30 ಪೌಂಡ್ ಬಂದಾಗ ಅವನು 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು. ಆಗಲೂ 28ರಲ್ಲೇ ಬದುಕಿ 32 ಕೊಟ್ಟ. ಮೂರನೆಯ ವರ್ಷ 90 ಬಂದಾಗ 62 ಕೊಟ್ಟ. ನಮ್ಮಲ್ಲಿ ಸಂಬಳ ಏರಿದ ತಿಂಗಳೇ ಖರ್ಚೂ ಏರುತ್ತದೆ. ಮಕ್ಕಳು ಮರಿ ಇರುವ ಮನೆಯಲ್ಲಿ ಖರ್ಚನ್ನು ಹಾಗೆ ಒಂದೇ ಕಡೆ ನಿಲ್ಲಿಸಲು ಆಗುವುದಿಲ್ಲ, ಬಿಡಿ. ಆದರೆ ಮುಂದಿನ ಸಲ ಸಂಬಳ ಏರಿದಾಗ, ಆ ಏರಿದ ಭಾಗವನ್ನಾದರೂ ಅಂಗೈ ಮೇಲಿಟ್ಟು, 'ಕರ್ತನೇ, ಇದು ಯಾರದ್ದು?' ಎಂದು ಕೇಳಬಹುದು.

ಗಂಡ ಹೆಂಡತಿ ಕೂತು ಮಾತಾಡಿಯೇ ಕೊಡಿ. ಒಬ್ಬರ ಭಕ್ತಿಗೆ ಇನ್ನೊಬ್ಬರ ಬಳೆ ಹೋಗಬಾರದು. ಸಾಲ ಇದ್ದರೆ ಸಾಲ ತೀರಿಸುವುದೂ ವಾಪಸ್ ಕೊಡುವುದೇ. ಫೋಟೋ ತೆಗೆಸಿಕೊಳ್ಳಬೇಡಿ. ಎಡಗೈಗೆ ಗೊತ್ತಾಗದ ಹಾಗೆ ಕೊಡಿ ಎಂದ ಯೇಸುವಿಗೆ ವಾಟ್ಸಾಪ್ ಗ್ರೂಪ್ ಗೊತ್ತಾಗದೆ ಇರುತ್ತದೆಯೇ?

ಬತ್ತಿದ ದಿನಗಳಿಗೆ

ಕೆಲವು ದಿನ ಇದ್ಯಾವುದೂ ಬಾಯಿಗೆ ಬರುವುದಿಲ್ಲ. ಆಗ 73ನೆಯ ಕೀರ್ತನೆಯ ಕೊನೆಯ ನಾಲ್ಕು ವಚನ ಓದಿ ಎದ್ದುಬಿಡಿ. ಒಬ್ಬರೇ ಆಗದಿದ್ದರೆ ಜೊತೆಗೆ ಯಾರಾದರೂ ಇರಲಿ. ನನಗೆ ಸಿಕ್ಕಿದ್ದು ನನ್ನ ಹೆಂಡತಿ. 'ಬಾವಿಯ ವಿಷಯ ಬಿಟ್ಟು ಬೇರೆ ಮಾತಾಡಿ ಎಷ್ಟು ದಿನ ಆಯ್ತು ರೀ?' ಎಂದು ಒಂದು ರಾತ್ರಿ ಅವಳು ಕೇಳಿದ್ದು ನನಗೆ ಯಾವ ಪ್ರಸಂಗಕ್ಕಿಂತಲೂ ಹೆಚ್ಚು ತಾಗಿತು.

ಅಂಗೈ ತೆರೆದು ಪ್ರಾರ್ಥಿಸಲು ಶುರು ಮಾಡಿ ಏಳನೆಯ ತಿಂಗಳು. ಒಂದು ಸಂಜೆ ಅಣ್ಣನಿಗೆ ಫೋನ್ ಮಾಡಿದೆ. 'ಅಣ್ಣ, ಬಾವಿ ಕಡೆ ನೀನೇ ಇಟ್ಕೋ' ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, 'ನಿಂದು ಊಟ ಆಯ್ತಾ?' ಎಂದು ಕೇಳಿದ.

ಈ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅತ್ತಿಗೆ ನನ್ನ ಕಣ್ಣೆದುರೇ ಆ ಬಾವಿಯಿಂದ ನೀರು ಸೇದಿ, ಒಂದು ಲೋಟ ತುಂಬಿಸಿ ಕೈಗೆ ಕೊಟ್ಟರು. ತಣ್ಣಗಿತ್ತು. ಹೊಟ್ಟೆಯಲ್ಲಿ ಚುರ್ ಎಂದಿತು, ಸುಳ್ಳು ಯಾಕೆ ಹೇಳಲಿ. ಲೋಟ ಕೆಳಗಿಟ್ಟು, ಹಲಸಿನ ಮರದ ಕಡೆ ನಾಲ್ಕು ಹೆಜ್ಜೆ ನಡೆದು, ಅಂಗೈ ಮೇಲೆ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದೆ. 'ತಂದೆಯೇ, ಈ ಬಾವಿಗಾಗಿ ನಿನಗೆ ಸ್ತೋತ್ರ.'